ಚರ್ಚ್ ಪ್ರೀಸ್ಕೂಲಿನ ವಸಂತಕಾಲ: ಕನ್ನಡದ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಅಮೆರಿಕದ ಉತ್ತರ ಕ್ಯಾರೊಲೈನಾ ರಾಜ್ಯದ ರಾಲೀ–ಕೇರಿ ಭಾಗದಲ್ಲಿ ಒಂದು ಮೆಥಡಿಸ್ಟ್ ಚರ್ಚು ನಡೆಸುವ ಪ್ರೀಸ್ಕೂಲಿನಲ್ಲಿ ನಾನು ಹಲವು ವರ್ಷ ಸಹಾಯಕ ಶಿಕ್ಷಕಿಯಾಗಿದ್ದೇನೆ. ನನ್ನ ಮಗಳೂ ಇಂಥದೇ ಶಾಲೆಯಲ್ಲಿ ಅಕ್ಷರ ಕಲಿತವಳು. ಫೆಬ್ರವರಿ ಮುಗಿಯುತ್ತಿದ್ದಂತೆ ಮಕ್ಕಳ ಚೀಲದಲ್ಲಿ ಮನೆಗೆ ಬರುವ ಚೀಟಿಗಳು ಹೆಚ್ಚುತ್ತವೆ, ಅವುಗಳ ಹಿಂದೆಯೇ ಕನ್ನಡದ ತಂದೆತಾಯಂದಿರ ಪ್ರಶ್ನೆಗಳು ನನ್ನ ಬಳಿಗೆ ಬರುತ್ತವೆ. ಯುಗಾದಿ ಊಟದ ಪಂಕ್ತಿಯಲ್ಲಿ, ಮಕ್ಕಳನ್ನು ಕರೆದೊಯ್ಯುವ ಕಾರಿನ ಸಾಲಿನಲ್ಲಿ, ವಾಟ್ಸಾಪಿನಲ್ಲಿ ಮತ್ತೆ ಮತ್ತೆ ಕೇಳಿದವುಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಒಂದೊಂದು ಚರ್ಚಿನ ಪದ್ಧತಿ ಒಂದೊಂದು ಬಗೆಯದಾದ್ದರಿಂದ, ನಿಮ್ಮ ಶಾಲೆಯ ಕೈಪಿಡಿಯಲ್ಲಿ ಬೇರೆ ರೀತಿ ಬರೆದಿದ್ದರೆ ಅದನ್ನೇ ಅನುಸರಿಸಬೇಕು.

## ಮೊದಲ ವರ್ಷದವರಿಗೆ

ಚರ್ಚ್ ಪ್ರೀಸ್ಕೂಲ್ ಚರ್ಚಿನವರ ಮಕ್ಕಳಿಗೆ ಮಾತ್ರವೇ? ಒಂಬತ್ತಕ್ಕೆ ಶುರುವಾಗಿ ಒಂದು ಗಂಟೆಗೇ ಮುಗಿಸುವುದೇಕೆ?

ಬಹುಪಾಲು ಶಾಲೆಗಳು ಎಲ್ಲ ಧರ್ಮದ ಮಕ್ಕಳನ್ನೂ ಸೇರಿಸಿಕೊಳ್ಳುತ್ತವೆ. ಭಾನುವಾರದ ಪಾಠಕ್ಕೆಂದು ಕಟ್ಟಿದ ಕೋಣೆಗಳು ವಾರದ ಉಳಿದ ದಿನ ಖಾಲಿ ಇರುತ್ತವೆ. ಅವುಗಳನ್ನು ಊರಿನ ಚಿಕ್ಕ ಮಕ್ಕಳಿಗೆ ತೆರೆದಿಡುವುದು ಚರ್ಚಿನ ಸೇವೆಯ ಒಂದು ಭಾಗ. ಸಮಯದ ಮಾತಿಗೆ ಬಂದರೆ, ಉತ್ತರ ಕ್ಯಾರೊಲೈನಾದ ಕಾನೂನಿನಲ್ಲಿ ಶಿಶುಪಾಲನೆ ಎಂದರೆ ದಿನಕ್ಕೆ 4 ಗಂಟೆಗಿಂತ ಹೆಚ್ಚು ಹೊತ್ತು ನಡೆಯುವ ಪಾಲನೆ ಎಂದು ಅರ್ಥ. 4 ಗಂಟೆಯೊಳಗೆ ಮುಗಿಯುವ ಶಾಲೆಗಳು ಶಿಶುಪಾಲನಾ ಕೇಂದ್ರಗಳಿಗೆ ಬೇಕಾದ ಪರವಾನಗಿಯ ವ್ಯಾಪ್ತಿಯಿಂದ ಹೊರಗುಳಿಯುತ್ತವೆ. ಇದರಿಂದ ತಂದೆತಾಯಂದಿರ ಮೇಲೆ ಬೀಳುವ ಹೊಣೆ ಎರಡು: ಸುರಕ್ಷತೆಯ ನಿಯಮಗಳೇನು, ಶಿಕ್ಷಕರ ಹಿನ್ನೆಲೆ ಪರಿಶೀಲನೆ ಆಗಿದೆಯೇ ಎಂದು ಸೇರಿಸುವ ಮೊದಲೇ ಕೇಳಿ ತಿಳಿಯಬೇಕು, ವಸಂತದ ಕಾರ್ಯಕ್ರಮಗಳೆಲ್ಲ ಕೆಲಸದ ದಿನ ಬೆಳಿಗ್ಗೆ ಹತ್ತು, ಹನ್ನೊಂದಕ್ಕೇ ಇರುವುದರಿಂದ ಕಚೇರಿಯ ರಜೆಯನ್ನು ಮೊದಲೇ ಎತ್ತಿಡಬೇಕು.

ಮಾರ್ಚಿನಿಂದ ಮೇ ತನಕ ಏನೇನು ಇರುತ್ತದೆ? ನಾವು ಎಷ್ಟು ದಿನ ಹೋಗಬೇಕಾಗುತ್ತದೆ?

ಮಾರ್ಚಿನಲ್ಲಿ ಫೋಟೊ ತೆಗೆಸುವ ದಿನ, 17ರಂದು ಎಲ್ಲರೂ ಹಸಿರು ಉಡುವ ಸೇಂಟ್ ಪ್ಯಾಟ್ರಿಕ್ ದಿನ, ಬೀಜ ನೆಡುವ ಪಾಠ. ಈಸ್ಟರ್ ಹತ್ತಿರವಾದಾಗ ಗರಿಗಳ ಭಾನುವಾರದ (ಈಸ್ಟರಿಗೆ ಹಿಂದಿನ ಭಾನುವಾರ) ಪರಿಚಯ, ಮೊಟ್ಟೆ ಹುಡುಕುವ ಆಟ, ಶುಭ ಶುಕ್ರವಾರದ ರಜೆ, ಹಲವು ಕಡೆ ಅದಕ್ಕೆ ಸೇರಿಕೊಂಡೇ ಬರುವ ಒಂದು ವಾರದ ವಸಂತ ರಜೆ. ಏಪ್ರಿಲಿನಲ್ಲಿ ಚಿಟ್ಟೆ ಸಾಕುವುದು, 22ರ ಭೂಮಿ ದಿನ, ಜೊತೆಗೆ ಚಿಕ್ಕ ಮಕ್ಕಳ ಶಿಕ್ಷಣದ ರಾಷ್ಟ್ರೀಯ ಸಂಘವು 1971ರಿಂದ ನಡೆಸುತ್ತ ಬಂದಿರುವ ಪುಟ್ಟ ಮಕ್ಕಳ ವಾರ. ಅದರಲ್ಲಿ ಸೋಮವಾರ ಹಾಡು, ಮಂಗಳವಾರ ತಿನಿಸು, ಹೀಗೆ ದಿನಕ್ಕೊಂದು ವಿಷಯ. ಮೇ ತಿಂಗಳ ಮೊದಲ ಪೂರ್ತಿ ವಾರ ಶಿಕ್ಷಕರ ಮೆಚ್ಚುಗೆಯ ವಾರ, ಅದೇ ವಾರದ ಕೊನೆಗೆ ತಾಯಂದಿರ ಚಹಾ, ಕೊನೆಗೆ ವರ್ಷಾಂತ್ಯದ ಹಾಡಿನ ಕಾರ್ಯಕ್ರಮ. ಮೇ ಕೊನೆಯ ಸೋಮವಾರದ ಮೆಮೋರಿಯಲ್ ದಿನಕ್ಕೆ ಮೊದಲೇ ನಮ್ಮಲ್ಲಿ ಶಾಲೆ ಮುಗಿದಿರುತ್ತದೆ.

ಇವುಗಳಲ್ಲಿ ಹೆತ್ತವರು ತಪ್ಪಿಸಬಾರದ ದಿನಗಳು ಎರಡು ಎಂದು ನನ್ನ ಅಭಿಪ್ರಾಯ: ತಾಯಂದಿರ ಅಥವಾ ತಂದೆಯರ ದಿನ, ಮತ್ತು ವರ್ಷಾಂತ್ಯದ ಕಾರ್ಯಕ್ರಮ. ಉಳಿದವು ನೀವಿಲ್ಲದೆಯೂ ಚೆನ್ನಾಗಿ ನಡೆಯುತ್ತವೆ.

ಈಸ್ಟರ್ ಪ್ರತಿ ವರ್ಷ ಬೇರೆ ಬೇರೆ ದಿನ ಬರುತ್ತದಲ್ಲ, ರಜೆಗೆ ಟಿಕೆಟ್ ಮಾಡಿಸುವುದು ಹೇಗೆ?

ಪಂಚಾಂಗ ನೋಡಿ ಬೆಳೆದ ನಮಗೆ ಇದು ಕಷ್ಟವಲ್ಲ. ಮಾರ್ಚ್ 21ರಂದು ಅಥವಾ ಅನಂತರ ಬರುವ ಮೊದಲ ಹುಣ್ಣಿಮೆ ಕಳೆದ ಭಾನುವಾರವೇ ಈಸ್ಟರ್. ಹಾಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಂದಾದರೂ ಬೀಳಬಹುದು. ಚರ್ಚು ಲೆಕ್ಕ ಹಾಕುವ ಹುಣ್ಣಿಮೆ ಆಕಾಶದ ಹುಣ್ಣಿಮೆಗಿಂತ ಒಂದೆರಡು ದಿನ ಆಚೀಚೆ ಇರುವುದುಂಟು, ಆದರೂ ಅನೇಕ ವರ್ಷಗಳಲ್ಲಿ ಅದು ನಮ್ಮ ಚೈತ್ರ ಹುಣ್ಣಿಮೆಯೇ ಆಗಿರುತ್ತದೆ. 2026ರಲ್ಲಿ ಮಾರ್ಚ್ 19ಕ್ಕೆ ಯುಗಾದಿ, ಏಪ್ರಿಲ್ 5ಕ್ಕೆ ಈಸ್ಟರ್. ನಮ್ಮಲ್ಲಿ ಅಧಿಕಮಾಸ ಬಂದುಹೋದ ಮೇಲೆ ಈ ಜೋಡಿ ತಪ್ಪುವುದುಂಟು. 2027ರಲ್ಲಿ ಯುಗಾದಿಗೆ ಮೊದಲೇ, ಮಾರ್ಚ್ 28ಕ್ಕೆ ಈಸ್ಟರ್ ಬರುತ್ತದೆ. ವಸಂತ ರಜೆ ಮಾತ್ರ ಈಸ್ಟರಿಗೆ ಅಂಟಿಕೊಂಡೇ ಇರಬೇಕೆಂದಿಲ್ಲ. ಅನೇಕ ಚರ್ಚ್ ಶಾಲೆಗಳು ಕೌಂಟಿಯ ಸರಕಾರಿ ಶಾಲೆಗಳ ಕ್ಯಾಲೆಂಡರನ್ನು ಅನುಸರಿಸುವುದರಿಂದ ಅದನ್ನು ನೋಡಿಯೇ ಟಿಕೆಟ್ ಮಾಡಿಸಿ.

## ಈಸ್ಟರ್ ವಾರ

ಎಗ್ ಹಂಟ್‌ಗೆ ಹನ್ನೆರಡು ಮೊಟ್ಟೆ ಕಳಿಸಿ ಎಂದು ಚೀಟಿ ಬಂದಿದೆ. ನಮ್ಮ ಮನೆಯಲ್ಲಿ ಮೊಟ್ಟೆ ತರುವುದೇ ಇಲ್ಲ. ಏನು ಮಾಡಲಿ?

ಅವು ಪ್ಲಾಸ್ಟಿಕ್ ಮೊಟ್ಟೆಗಳು. ಎರಡು ಹೋಳಾಗಿ ಬಿಚ್ಚುವ, ಅಂಗೈಯಲ್ಲಿ ಹಿಡಿಯುವ ಬಣ್ಣದ ಡಬ್ಬಿಗಳು; ಮಾರ್ಚಿನಲ್ಲಿ ಯಾವ ದಿನಸಿ ಅಂಗಡಿಗೆ ಹೋದರೂ ಸಿಗುತ್ತವೆ. ಒಳಗೆ ಸ್ಟಿಕರ್, ಚಿಕ್ಕ ಆಟಿಕೆ, ರಬ್ಬರ್ ಮುದ್ರೆ ಮೊದಲಾದವನ್ನು ಹಾಕಿ, ಬಿಚ್ಚಿಕೊಳ್ಳದಂತೆ ಒಂದು ತುಂಡು ಟೇಪ್ ಅಂಟಿಸಿ, ಚೀಟಿಯಲ್ಲಿರುವ ದಿನಕ್ಕೆ ಮೊದಲೇ ಕಳಿಸಬೇಕು. ಶಿಕ್ಷಕಿಯರು ಅವನ್ನೆಲ್ಲ ಚರ್ಚಿನ ಹುಲ್ಲುಹಾಸಿನಲ್ಲಿ, ಎರಡು ವರ್ಷದವರಿಗೆ ಎದ್ದು ಕಾಣುವಂತೆಯೂ ನಾಲ್ಕು ವರ್ಷದವರಿಗೆ ಪೊದೆಗಳ ಬುಡದಲ್ಲಿಯೂ ಇಟ್ಟು, ಒಂದೊಂದೇ ತರಗತಿಯನ್ನು ಹೊರಗೆ ಬಿಡುತ್ತಾರೆ. ನೀವು ಎಷ್ಟು ಕಳಿಸಿದಿರೋ ಅಷ್ಟೇ ಮೊಟ್ಟೆಯನ್ನು ನಿಮ್ಮ ಮಗು ತರಬೇಕೆಂಬುದು ಸಾಮಾನ್ಯ ನಿಯಮ, ಯಾರೂ ಬರಿಗೈಯಲ್ಲಿ ಹೋಗಬಾರದೆಂಬುದು ಅದರ ಉದ್ದೇಶ.

ಒಂದು ವರ್ಷ ಎರಡೂವರೆ ವರ್ಷದ ಹುಡುಗನೊಬ್ಬ ಮೊದಲ ಮೊಟ್ಟೆ ಸಿಕ್ಕ ಜಾಗದಲ್ಲೇ ಕುಳಿತುಬಿಟ್ಟ. ಟೇಪ್ ಕಿತ್ತು, ಒಳಗಿದ್ದ ಕಪ್ಪೆಯ ಸ್ಟಿಕರನ್ನು ಮಂಡಿಗೆ ಅಂಟಿಸಿಕೊಂಡು, ಕಿತ್ತು, ಮತ್ತೆ ಅಂಟಿಸಿಕೊಂಡು ಆಡಿದ. ಉಳಿದವರು ಓಡಿದ್ದೆಲ್ಲ ಅವನಿಗೆ ಬೇಕಾಗಲಿಲ್ಲ. ಬೇಲಿಯ ಹೊರಗೆ ನಿಂತ ಅಮ್ಮ, "ಪುಟ್ಟಾ, ಏಳೋ, ಅಲ್ಲಿದೆ ನೋಡು" ಎಂದು ಕೂಗುತ್ತಲೇ ಇದ್ದರು. ದಯವಿಟ್ಟು ಕೂಗಬೇಡಿ. ಬುಟ್ಟಿ ತುಂಬಿಸುವ ಕೆಲಸವನ್ನು ನಾವು ನೋಡಿಕೊಳ್ಳುತ್ತೇವೆ.

ಮಿಠಾಯಿಯಲ್ಲಿ ಮಾಂಸದ ಅಂಶ ಇರುತ್ತದೆ ಎಂದು ಕೇಳಿದ್ದೇವೆ. ನಿಜವೇ?

ಕೆಲವುಗಳಲ್ಲಿ ನಿಜ. ಮಾರ್ಷ್‌ಮ್ಯಾಲೋದಲ್ಲಿ ಮತ್ತು ಅನೇಕ ಬಗೆಯ ಗಮ್ಮಿಗಳಲ್ಲಿ ಜೆಲಟಿನ್ ಇರುತ್ತದೆ. ಅದು ಹಂದಿ ಅಥವಾ ದನದ ಚರ್ಮ, ಮೂಳೆಗಳಿಂದ ತೆಗೆದದ್ದು. ಪೆಕ್ಟಿನ್ ಎಂದು ಬರೆದಿದ್ದರೆ ಅದು ಹಣ್ಣಿನಿಂದ ತೆಗೆದದ್ದು. ಜೆಲ್ಲಿ ಬೀನ್‌ಗಳ ಹೊಳಪಿಗೆ ಅರಗಿನ ಹುಳುವಿನಿಂದ ಬರುವ ಶೆಲ್ಲಾಕ್ ಬಳಸುವುದುಂಟು, ಅದನ್ನೂ ಬೇಡವೆನ್ನುವ ಮನೆಗಳಿವೆ. "ನಾವು ಸಸ್ಯಾಹಾರಿಗಳು" ಎಂದಷ್ಟೇ ಹೇಳಿದರೆ ಇಲ್ಲಿನ ಶಿಕ್ಷಕಿಗೆ ಮಾಂಸದ ತುಂಡು ಮಾತ್ರ ನೆನಪಾಗುತ್ತದೆ. "ಜೆಲಟಿನ್ ಇರುವ ಯಾವುದನ್ನೂ ಕೊಡಬೇಡಿ, ಕೇಕಿನಲ್ಲಿರುವ ಮೊಟ್ಟೆ ನಮಗೆ ನಡೆಯುತ್ತದೆ" ಅಥವಾ "ಅದೂ ನಡೆಯುವುದಿಲ್ಲ" ಎಂದು ಬಿಡಿಸಿ ಬರೆದು ಕೊಡಿ, ಜೊತೆಗೆ ಮಗುವಿಗೆ ಕೊಡಬಹುದಾದ ತಿನಿಸಿನ ಒಂದು ಪೊಟ್ಟಣವನ್ನು ತರಗತಿಯ ಕಪಾಟಿನಲ್ಲಿ ಇಟ್ಟಿರಿ. ಎಲ್ಲರೂ ತಿನ್ನುವಾಗ ಮಗು ಸುಮ್ಮನೆ ನೋಡುತ್ತ ಕೂರುವುದು ಇದರಿಂದ ತಪ್ಪುತ್ತದೆ.

ಆಹಾರಪದ್ಧತಿ ಯಾವುದೇ ಇರಲಿ, ಗಟ್ಟಿ ಮಿಠಾಯಿ, ಜೆಲ್ಲಿ ಬೀನ್, ಮಾರ್ಷ್‌ಮ್ಯಾಲೋ, ಪಾಪ್‌ಕಾರ್ನ್ ಇವು ನಾಲ್ಕು ವರ್ಷದೊಳಗಿನ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ನೀವು ಕಳಿಸುವ ಮೊಟ್ಟೆಗಳಲ್ಲಿ ಇವನ್ನೂ ಕಡಲೆಕಾಯಿ ಬೆರೆತದ್ದನ್ನೂ ಹಾಕಬೇಡಿ.

ನಾವು ಹಿಂದೂಗಳು. ಈಸ್ಟರ್ ವಾರ ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದಲ್ಲವೇ?

ಇದು ನಿಮ್ಮ ಮನೆಯ ನಿರ್ಧಾರ, ಮತ್ತು ಎರಡು ಬಗೆಯ ನಿರ್ಧಾರಕ್ಕೂ ಶಾಲೆ ಗೌರವ ಕೊಡುತ್ತದೆ. ಆದರೆ ಏನನ್ನು ಬಿಡುತ್ತಿದ್ದೀರಿ ಎಂಬುದು ತಿಳಿದಿರಲಿ. ಸರಕಾರಿ ಶಾಲೆಯಲ್ಲಿ ಧರ್ಮಬೋಧೆ ಮಾಡುವಂತಿಲ್ಲ, ಚರ್ಚಿನ ಖಾಸಗಿ ಶಾಲೆಯಲ್ಲಿ ಮಾಡಬಹುದು; ವಾರಕ್ಕೊಮ್ಮೆ ಮಕ್ಕಳನ್ನು ಪ್ರಾರ್ಥನೆಗೆ ಸೇರಿಸುವ ಚಾಪೆಲ್ ಅವಧಿ, ಊಟಕ್ಕೆ ಮುಂಚಿನ ಎರಡು ಸಾಲಿನ ಪ್ರಾರ್ಥನೆ ವರ್ಷವಿಡೀ ಇದ್ದೇ ಇರುತ್ತವೆ. ಈಸ್ಟರ್ ವಾರದಲ್ಲಿ ಅದರ ಜೊತೆಗೆ ಸೇರುವುದು ಸಾಮಾನ್ಯವಾಗಿ ಇಷ್ಟು: ಯೇಸು ಜೆರೂಸಲೇಮಿಗೆ ಬಂದಾಗ ಜನ ಖರ್ಜೂರದ ಗರಿಗಳನ್ನು ಬೀಸಿ ಸ್ವಾಗತಿಸಿದ ಕಥೆ, ಅದಕ್ಕೆಂದು ಮಕ್ಕಳ ಕೈಯಲ್ಲಿ ಒಂದೊಂದು ಗರಿ, ಮತ್ತು ಹನ್ನೆರಡು ಬಣ್ಣದ ಮೊಟ್ಟೆಗಳ ಒಂದು ಪೆಟ್ಟಿಗೆ. ಕತ್ತೆಯ ಗೊಂಬೆ, ಬೆಳ್ಳಿಯ ನಾಣ್ಯ, ಕಲ್ಲು ಹೀಗೆ ಒಂದೊಂದರಲ್ಲಿ ಕಥೆಯ ಒಂದೊಂದು ವಸ್ತುವಿದ್ದು, ಕೊನೆಯದು ಖಾಲಿ ಇರುತ್ತದೆ. ಯೇಸುವಿನ ಸಮಾಧಿ ಖಾಲಿಯಾಗಿತ್ತು ಎಂಬುದು ಅದರ ಅರ್ಥ.

ಬೇಡವೆನಿಸಿದರೆ ಮಗುವಿಗೆ ಹುಷಾರಿಲ್ಲವೆಂದು ನೆಪ ಹೇಳಬೇಕಾಗಿಲ್ಲ. "ಕಥೆ ಕೇಳಲಿ, ಪ್ರಾರ್ಥನೆಯಲ್ಲಿ ಸೇರಿಸಬೇಡಿ" ಎಂದೋ, "ಆಟಕ್ಕೆ ಇರುತ್ತಾನೆ, ಚಾಪೆಲ್‌ಗೆ ಬೇಡ" ಎಂದೋ ನಿರ್ದೇಶಕಿಗೆ ನೇರವಾಗಿ ಹೇಳಿ. ಹೀಗೆ ಹೇಳಿದ ಯಾವ ತಾಯಿಯನ್ನೂ ನಮ್ಮಲ್ಲಿ ಕೆಟ್ಟದಾಗಿ ಕಂಡದ್ದಿಲ್ಲ. ಸುಮ್ಮನೆ ತಪ್ಪಿಸಿದರೆ ಮಾತ್ರ ಕಷ್ಟ: ಮರುದಿನ ಗೆಳೆಯರೆಲ್ಲ ಮೊಟ್ಟೆಯ ಮಾತಾಡುವಾಗ, ತಾನೇಕೆ ಇರಲಿಲ್ಲ ಎಂಬುದು ಆ ಮಗುವಿಗೆ ತಿಳಿಯುವುದಿಲ್ಲ.

"ಯೇಸು ಸತ್ತುಹೋದನಂತೆ, ಆಮೇಲೆ ಎದ್ದು ಬಂದನಂತೆ. ಹೌದಾ ಅಮ್ಮ?" ಎಂದು ಮಗಳು ಕೇಳಿದಳು. ಏನೆಂದು ಉತ್ತರಿಸಲಿ?

ನಾಲ್ಕು ವರ್ಷದವರ ತರಗತಿಯಿಂದ ಈ ಪ್ರಶ್ನೆ ಬಂದೇ ಬರುತ್ತದೆ. "ಅದು ನಿನ್ನ ಟೀಚರ್ ನಂಬುವ ಕಥೆ, ಅವರಿಗೆ ಬಹಳ ಪ್ರೀತಿಯದು, ನಮ್ಮ ಮನೆಯಲ್ಲಿ ನಾವು ಕೃಷ್ಣನ ಕಥೆ, ಪ್ರಹ್ಲಾದನ ಕಥೆ ಹೇಳುತ್ತೇವೆ" ಎಂದು ನನ್ನ ಮಗಳಿಗೆ ಹೇಳಿದ್ದೆ, ಅವಳಿಗೆ ಅಷ್ಟು ಸಾಕಾಯಿತು. ಸುಳ್ಳು ಎನ್ನಬೇಡಿ, ಮಗು ಅದನ್ನು ಮರುದಿನ ಹಾಗೆಯೇ ತರಗತಿಯಲ್ಲಿ ಹೇಳುತ್ತದೆ, ಪಕ್ಕದಲ್ಲಿ ಕುಳಿತ ಇನ್ನೊಂದು ಮಗುವಿಗೆ ನೋವಾಗುತ್ತದೆ. ಪ್ರಶ್ನೆ ಸಾವಿನ ಕುರಿತೇ ಆಗಿದ್ದರೆ, ಅಂದರೆ "ನೀನೂ ಸಾಯುತ್ತೀಯಾ, ಅಜ್ಜ ಎದ್ದು ಬರುತ್ತಾರಾ" ಎಂದು ಮುಂದುವರಿದರೆ, ಅದು ಧರ್ಮದ ಪ್ರಶ್ನೆಯಾಗಿ ಉಳಿದಿಲ್ಲ. ಆಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಜವನ್ನು ಚಿಕ್ಕ ಮಾತುಗಳಲ್ಲಿ ಹೇಳಿ, ಮನೆಯಲ್ಲಿ ಇಂಥ ಮಾತು ನಡೆದಿದೆ ಎಂದು ಶಿಕ್ಷಕಿಗೂ ತಿಳಿಸಿ.

## ಹುಳು, ಮರಿ, ಪರಾಗ

ತರಗತಿಯಲ್ಲಿ ಕಂಬಳಿಹುಳು ಸಾಕುತ್ತಾರಂತೆ! ಮೈಗೆ ತುರಿಕೆ ಬರುವುದಿಲ್ಲವೇ?

ಬರುವುದಿಲ್ಲ. ಅವು ಪೇಂಟೆಡ್ ಲೇಡಿ ಎಂಬ ಚಿಟ್ಟೆಯ ಮರಿಗಳು. ಮೈಮೇಲೆ ಮುಳ್ಳಿನಂಥ ಕೂದಲಿದ್ದರೂ ವಿಷವಿಲ್ಲ. ಕರ್ನಾಟಕದಲ್ಲೂ ಹಾರಾಡುವ ಚಿಟ್ಟೆಯೇ ಇದು. ಏಪ್ರಿಲ್ ಆರಂಭದಲ್ಲಿ ಮುಚ್ಚಳದ ಲೋಟವೊಂದರಲ್ಲಿ, ತಳದಲ್ಲಿ ಕಂದು ಬಣ್ಣದ ಆಹಾರದ ಮೇಲೆ, ಅಕ್ಕಿಕಾಳಿನಷ್ಟುದ್ದದ ಐದಾರು ಹುಳುಗಳು ಬರುತ್ತವೆ. ವಾರ ಹತ್ತು ದಿನದಲ್ಲಿ ಬೆರಳಿನ ಎರಡು ಗೆಣ್ಣಿನಷ್ಟು ಬೆಳೆದು, ಮುಚ್ಚಳಕ್ಕೆ ತಲೆಕೆಳಗಾಗಿ ಜೋತು, ಕೋಶ ಕಟ್ಟುತ್ತವೆ. ಕೋಶಗಳನ್ನು ಬಲೆಯ ಗೂಡಿಗೆ ವರ್ಗಾಯಿಸಿದ ಮೇಲೆ ಇನ್ನೊಂದು ವಾರ ಹತ್ತು ದಿನ ಕಾಯಬೇಕು.

ಚಿಟ್ಟೆ ಹೊರಬರುವ ಗಳಿಗೆಯಲ್ಲಿ ಬಲೆಯ ಮೇಲೆ ಕೆಂಪು ಹನಿಗಳು ಬೀಳುತ್ತವೆ. ಮಕ್ಕಳು "ರಕ್ತ, ರಕ್ತ" ಎಂದು ಹೆದರುತ್ತಾರೆ; ರೆಕ್ಕೆ ರೂಪುಗೊಳ್ಳುವಾಗ ಉಳಿದ ಬಣ್ಣದ ದ್ರವ ಅದು ಎಂದು ಮೊದಲೇ ಹೇಳಿಟ್ಟಿದ್ದರೆ ಹೆದರುವುದಿಲ್ಲ. ಹೊರಬಂದ ಚಿಟ್ಟೆಯ ರೆಕ್ಕೆ ತೊಳೆದು ಹಿಂಡಿದ ಬಟ್ಟೆಯಂತೆ ಮುದುಡಿಕೊಂಡಿದ್ದು, ನೋಡುನೋಡುತ್ತಿದ್ದಂತೆ ಬಿಚ್ಚಿಕೊಳ್ಳುತ್ತದೆ. ಕಿತ್ತಳೆ ಹೋಳು ಇಟ್ಟರೆ ಸುರುಳಿ ನಾಲಗೆ ಚಾಚಿ ಹೀರುತ್ತದೆ. ಆ ನಾಲಗೆಯನ್ನು ನೋಡಲು ಹದಿನಾಲ್ಕು ಮಕ್ಕಳು ಉಸಿರು ಬಿಗಿಹಿಡಿದು ಗೂಡಿನ ಸುತ್ತ ಕುಳಿತದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಹೊರಗಿನ ಉಷ್ಣತೆ 13 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದ್ದ ದಿನ ಅವನ್ನು ಹಾರಿಬಿಡುತ್ತಾರೆ. ಆ ದಿನ ಶಾಲೆ ತಪ್ಪಿಸಬೇಡಿ.

ಕೋಳಿಮರಿ ಮುಟ್ಟಲು ಬಿಡುತ್ತಾರಂತೆ, ಪರವಾಗಿಲ್ಲವೇ?

ಮೊಟ್ಟೆಗಳನ್ನು ಕಾವುಪೆಟ್ಟಿಗೆಯಲ್ಲಿ 21 ದಿನ ಇಟ್ಟು ಮರಿ ಮಾಡಿಸುವ ಪದ್ಧತಿ ಕೆಲವು ಶಾಲೆಗಳಲ್ಲಿದೆ. ನೋಡಲು ಅದಕ್ಕಿಂತ ಚೆಂದದ್ದು ಇನ್ನೊಂದಿಲ್ಲ. ಆದರೆ ಮರಿಗಳ ಮೈಯಲ್ಲಿ ಸಾಲ್ಮೊನೆಲ್ಲ ರೋಗಾಣು ಇರಬಹುದಾದ್ದರಿಂದ, ಐದು ವರ್ಷದೊಳಗಿನ ಮಕ್ಕಳು ಅವನ್ನು ಮುಟ್ಟಬಾರದೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಹತ್ತಿರ ನಿಂತು ನೋಡಲಿ, ಕೈ ಸೋಪಿನಲ್ಲಿ ತೊಳೆಯಲಿ. ಮುಟ್ಟಿಸುವುದು ಬೇಡ ಎಂದು ಶಾಲೆಗೆ ಬರೆದು ತಿಳಿಸಲು ಹಿಂಜರಿಯಬೇಡಿ.

ಮಾರ್ಚ್ ಕೊನೆಗೆ ಎಲ್ಲೆಲ್ಲೂ ಹಳದಿ ಪುಡಿ. ಮಗುವಿಗೆ ಸೀನು. ಹೊರಗೆ ಆಡಿಸದಿರಲು ಹೇಳಬಹುದೇ?

ಅದು ಪೈನ್ ಮರದ ಪರಾಗ. ಕಣ್ಣಿಗೆ ಕಾಣುವ ಆ ಹಳದಿ ಪುಡಿಗಿಂತ, ಅದೇ ಹೊತ್ತಿಗೆ ಕಾಣದಂತೆ ಹಾರುವ ಓಕ್, ಬರ್ಚ್ ಮರಗಳ ಸಣ್ಣ ಪರಾಗವೇ ಹೆಚ್ಚು ತೊಂದರೆ ಕೊಡುತ್ತದೆ. ವೈದ್ಯರ ಚೀಟಿ ಇದ್ದರೆ ಒಳಗೆ ಕೂರಿಸುತ್ತಾರೆ, ಆದರೆ ಅದಕ್ಕೊಬ್ಬ ಶಿಕ್ಷಕಿ ಬೇಕಾಗುತ್ತದೆ. ಮನೆಗೆ ಬಂದೊಡನೆ ಮುಖ ತೊಳೆಸಿ ಬಟ್ಟೆ ಬದಲಿಸುವುದರಿಂದಲೇ ಬಹಳಷ್ಟು ಕಡಿಮೆಯಾಗುತ್ತದೆ.

## ಮನೆಯವರು ಶಾಲೆಗೆ ಬರುವ ದಿನಗಳು

ತಾಯಂದಿರ ಚಹಾ ಎಂದರೇನು? ನನಗೆ ರಜೆ ಸಿಗದಿದ್ದರೆ ಅಪ್ಪ ಹೋಗಬಹುದೇ?

ಅಮೆರಿಕದಲ್ಲಿ ಮೇ ತಿಂಗಳ ಎರಡನೆಯ ಭಾನುವಾರ ತಾಯಂದಿರ ದಿನ. ಅದರ ಮೊದಲ ಆಚರಣೆ ನಡೆದದ್ದು ಒಂದು ಮೆಥಡಿಸ್ಟ್ ಚರ್ಚಿನಲ್ಲಿಯೇ: ಆನಾ ಜಾರ್ವಿಸ್ ತಮ್ಮ ತಾಯಿಯ ನೆನಪಿಗೆ 1908ರ ಮೇ 10ರಂದು ಪಶ್ಚಿಮ ವರ್ಜೀನಿಯಾದ ಗ್ರಾಫ್ಟನ್ ಊರಿನಲ್ಲಿ ಅದನ್ನು ಏರ್ಪಡಿಸಿದರು; 1914ರಲ್ಲಿ ಅದು ರಾಷ್ಟ್ರೀಯ ದಿನವಾಯಿತು. ಚರ್ಚ್ ಶಾಲೆಗಳು ಅದಕ್ಕೆ ಹಿಂದಿನ ಗುರುವಾರವೋ ಶುಕ್ರವಾರವೋ ತಾಯಂದಿರನ್ನು ಕರೆಯುತ್ತವೆ. ಮಕ್ಕಳು ತಾವೇ ಬಣ್ಣ ಹಚ್ಚಿದ ಕಾಗದದ ಹಾಸನ್ನು ಮೇಜಿಗೆ ಹಾಸಿ, ಮಫಿನ್ ತಂದಿಟ್ಟು, ಎರಡು ಹಾಡು ಹೇಳುತ್ತಾರೆ. "ನನ್ನ ಅಮ್ಮನಿಗೆ ಇಷ್ಟು ವರ್ಷ, ಅವರು ಚೆನ್ನಾಗಿ ಮಾಡುವ ಅಡುಗೆ ಇದು" ಎಂದು ಮಗು ಹೇಳಿದ್ದನ್ನು ಬರೆದ ಹಾಳೆಯೊಂದು ನಿಮ್ಮ ಕೈಗೆ ಬರುತ್ತದೆ, ಅದನ್ನು ಜೋಪಾನ ಮಾಡಿ.

ಅಪ್ಪ, ಅಜ್ಜಿ, ಅತ್ತೆ, ಪಕ್ಕದ ಮನೆಯ ಆಂಟಿ ಯಾರು ಬಂದರೂ ಸರಿ. ಯಾರೂ ಬರಲಾಗದಿದ್ದರೆ ಹಿಂದಿನ ದಿನವೇ ತಿಳಿಸಿ. ಆ ಮಗುವಿನ ಪಕ್ಕ ನಾನೋ ಇನ್ನೊಬ್ಬ ಶಿಕ್ಷಕಿಯೋ ಕೂರುತ್ತೇವೆ. ತಾಯಿ ತೀರಿಕೊಂಡಿರುವ ಅಥವಾ ದೂರವಿರುವ ಮನೆಗಳವರು ಇದನ್ನು ಏಪ್ರಿಲಿನಲ್ಲೇ ಹೇಳಿದರೆ, ಹಾಡು ಮತ್ತು ಹಾಳೆಯ ಮಾತುಗಳನ್ನೇ ಬದಲಿಸಲು ನಮಗೆ ಕಾಲಾವಕಾಶ ಸಿಗುತ್ತದೆ.

ಊರಿನಿಂದ ಅತ್ತೆಯವರು ಬಂದಿದ್ದಾರೆ, ಇಂಗ್ಲಿಷ್ ಬರುವುದಿಲ್ಲ. ಯುಗಾದಿಯ ಬಗ್ಗೆ ಅವರಿಂದ ತರಗತಿಯಲ್ಲಿ ಏನಾದರೂ ಮಾಡಿಸಬಹುದೇ?

ಖಂಡಿತ ಮಾಡಿಸಬಹುದು, ಮತ್ತು ಇದನ್ನು ಕೇಳುವವರು ಇನ್ನೂ ಹೆಚ್ಚಾಗಲಿ ಎಂದು ನನ್ನ ಆಸೆ. ನಿರ್ದೇಶಕಿಗೆ ಎರಡು ಮೂರು ವಾರ ಮೊದಲೇ ಬರೆದು, ಇಪ್ಪತ್ತು ನಿಮಿಷದ ಸಮಯ ಕೇಳಿ. ಮನೆಯಲ್ಲಿ ಮಾಡಿದ ಬೇವುಬೆಲ್ಲ, ಒಬ್ಬಟ್ಟುಗಳನ್ನು ಅಲರ್ಜಿಯ ಕಾರಣದಿಂದ ಹಂಚಲು ಬಿಡುವುದಿಲ್ಲ. ಪದಾರ್ಥಗಳ ಪಟ್ಟಿ ಅಚ್ಚಾಗಿರುವ ಅಂಗಡಿಯ ಪೊಟ್ಟಣವನ್ನಷ್ಟೇ ಒಪ್ಪುತ್ತಾರೆ. ಹಾಗಾಗಿ ಕೈಗೆಲಸವೇ ಮೇಲು.

ಹಾಸನದ ಕಡೆಯ ಅಜ್ಜಿಯೊಬ್ಬರು ಒಮ್ಮೆ ನಮ್ಮ ತರಗತಿಗೆ ಬಂದಿದ್ದರು. ಹಸಿರು ಕಾಗದದಲ್ಲಿ ಮಾವಿನೆಲೆ ಕತ್ತರಿಸಿ ತಂದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಪ್ರತಿ ಮಗುವಿನ ಕೈಯಿಂದ ಒಂದೊಂದು ಎಲೆಯನ್ನು ಉಣ್ಣೆದಾರಕ್ಕೆ ಪೋಣಿಸಿದರು. ಪೋಣಿಸುವಾಗ "ಒಂದು, ಎರಡು, ಮೂರು" ಎಂದು ಎಣಿಸುತ್ತಿದ್ದರು. ಐದನೆಯ ಎಲೆಯ ಹೊತ್ತಿಗೆ ಮಕ್ಕಳೂ ಎಣಿಸತೊಡಗಿದರು. ಅವರ ಮೊಮ್ಮಗ ಅದುವರೆಗೆ ತರಗತಿಯಲ್ಲಿ ಕನ್ನಡದ ಒಂದು ಪದವನ್ನೂ ಆಡದಿದ್ದವನು, ಅಂದು ಎದ್ದು ನಿಂತು ಉಳಿದವರನ್ನು ತಿದ್ದಿದ. ಆ ತೋರಣ ಮೇ ಕೊನೆಯವರೆಗೂ ತರಗತಿಯ ಬಾಗಿಲ ಮೇಲಿತ್ತು.

ಟ್ರೈಕ್-ಎ-ಥಾನ್‌ಗೆ ದುಡ್ಡು ಕೊಡಲೇಬೇಕೇ?

ಬೇಡ. ಮೆಂಫಿಸ್ ನಗರದ ಸೇಂಟ್ ಜೂಡ್ ಮಕ್ಕಳ ಸಂಶೋಧನಾ ಆಸ್ಪತ್ರೆಗೆ ಹಣ ಕೂಡಿಸುವ ಕಾರ್ಯಕ್ರಮ ಅದು. 1962ರಲ್ಲಿ ತೆರೆದ ಆ ಆಸ್ಪತ್ರೆ ಚಿಕಿತ್ಸೆಗಾಗಿ ಮನೆಯವರಿಂದ ಹಣ ಪಡೆಯುವುದಿಲ್ಲ. ಮಕ್ಕಳು ಮೊದಲು ಹೆಲ್ಮೆಟ್, ರಸ್ತೆಯ ನಿಯಮಗಳನ್ನು ಕಲಿತು, ಆಮೇಲೆ ಚರ್ಚಿನ ಪಾರ್ಕಿಂಗ್ ಜಾಗದಲ್ಲಿ ಮೂರು ಚಕ್ರದ ಸೈಕಲ್ಲು ತುಳಿಯುತ್ತಾರೆ. ಕೊಡದ ಮನೆಯ ಮಗುವೂ ಅಷ್ಟೇ ಸುತ್ತು ಹೊಡೆಯುತ್ತದೆ.

ಶಿಕ್ಷಕಿಗೆ ಏನು ಉಡುಗೊರೆ ಕೊಡಬೇಕು?

ತರಗತಿಯ ಪರವಾಗಿ ಒಬ್ಬ ತಾಯಿ ಎಲ್ಲರಿಂದ ಹಣ ಸೇರಿಸಿ ಒಂದು ಗಿಫ್ಟ್ ಕಾರ್ಡ್ ಕೊಡುವುದು ವಾಡಿಕೆ, ನಿಮಗೆ ಆದಷ್ಟು ಸೇರಿಸಿದರೆ ಸಾಕು. ಸಹಾಯಕ ಶಿಕ್ಷಕಿಯನ್ನು ಮರೆಯಬೇಡಿ. ಮಗು ಬರೆದ ಚಿತ್ರವನ್ನು ನಾವು ಎಷ್ಟು ವರ್ಷ ಇಟ್ಟುಕೊಳ್ಳುತ್ತೇವೆಂದು ತಿಳಿದರೆ ನೀವು ಬೇರೇನನ್ನೂ ಹುಡುಕಲಾರಿರಿ.

## ವರ್ಷ ಮುಗಿಯುವಾಗ

ವರ್ಷಾಂತ್ಯದ ಕಾರ್ಯಕ್ರಮದಲ್ಲಿ ನನ್ನ ಮಗ ಬಾಯಿಯನ್ನೇ ತೆರೆಯಲಿಲ್ಲ. ಅವನಿಗೇನಾದರೂ ತೊಂದರೆ ಇದೆಯೇ?

ತರಗತಿಯಲ್ಲಿ ಹಾಡುವ ಮಗು ವೇದಿಕೆಯಲ್ಲಿ ಮೂಕವಾಗುವುದು ತೀರ ಸಾಮಾನ್ಯ. ಕಾರ್ಯಕ್ರಮ ನಡೆಯುವುದು ಚರ್ಚಿನ ಮುಖ್ಯ ಪ್ರಾರ್ಥನಾ ಮಂದಿರದಲ್ಲಿ. ಎತ್ತರದ ಚಾವಣಿ, ನೂರಾರು ಮುಖ, ಎಲ್ಲರ ಕೈಯಲ್ಲಿ ಫೋನು. ಮನೆಗೆ ಹೋದ ಮೇಲೆ ಸ್ನಾನದ ಹೊತ್ತಿನಲ್ಲಿ ಅವನು ಅದೇ ಹಾಡನ್ನು ಪೂರ್ತಿ ಹೇಳಿದರೆ ಚಿಂತೆ ಬೇಕಿಲ್ಲ. ತರಗತಿಯಲ್ಲೂ ತಿಂಗಳುಗಟ್ಟಲೆ ಮಾತಿಲ್ಲದಿದ್ದರೆ, ಮನೆಯಲ್ಲಿ ಕನ್ನಡದಲ್ಲಿ ಹೇಗೆ ಮಾತಾಡುತ್ತಾನೆ ಎಂಬುದನ್ನು ಶಿಕ್ಷಕಿಗೆ ವಿವರವಾಗಿ ತಿಳಿಸಿ ಮಕ್ಕಳ ವೈದ್ಯರನ್ನು ಕಾಣಿ. ಕನ್ನಡ ನಿಲ್ಲಿಸಿಬಿಡಿ ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಎರಡು ಭಾಷೆ ಕೇಳುವುದರಿಂದ ಮಾತು ಕುಂಠಿತವಾಗುವುದಿಲ್ಲ.

ಮಂದಿರದೊಳಗೆ ಚಪ್ಪಲಿ ಬಿಡಬೇಕಾಗಿಲ್ಲ. ಪಾದ್ರಿಗಳು ಪ್ರಾರ್ಥನೆ ಮಾಡುವಾಗ ಮೌನವಾಗಿ ಕುಳಿತರೆ ಸಾಕು. ಬೇರೆ ಮಕ್ಕಳ ಮುಖವಿರುವ ಫೋಟೊಗಳನ್ನು ಅವರ ಮನೆಯವರನ್ನು ಕೇಳದೆ ಎಲ್ಲೂ ಹಾಕಬೇಡಿ.

ಮಗನಿಗೆ ಆಗಸ್ಟ್ 20ಕ್ಕೆ ಐದು ತುಂಬುತ್ತದೆ. ಕಿಂಡರ್‌ಗಾರ್ಟನ್‌ಗೆ ಕಳಿಸುವುದೋ, ಇಲ್ಲೇ ಇನ್ನೊಂದು ವರ್ಷ ಇಡುವುದೋ?

ಉತ್ತರ ಕ್ಯಾರೊಲೈನಾದಲ್ಲಿ ಆಗಸ್ಟ್ 31ರೊಳಗೆ ಐದು ತುಂಬಿದವರು ಆ ವರ್ಷ ಸರಕಾರಿ ಕಿಂಡರ್‌ಗಾರ್ಟನ್ ಸೇರಬಹುದು. ಕಡ್ಡಾಯ ಶಿಕ್ಷಣ ಆರಂಭವಾಗುವುದು ಏಳು ವರ್ಷ ತುಂಬಿದಾಗ, ಹಾಗಾಗಿ ಕಾಯಲು ಕಾನೂನಿನ ಅಡ್ಡಿಯಿಲ್ಲ. ಅಕ್ಷರ, ಅಂಕಿ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಕಳಿಸುವುದು ನಮ್ಮವರು ಹೆಚ್ಚಾಗಿ ಮಾಡುವ ತಪ್ಪು. ವಸಂತದಲ್ಲಿ ಶಿಕ್ಷಕಿಯೊಡನೆ ನಡೆಯುವ ಭೇಟಿಯಲ್ಲಿ ಬೇರೆಯದನ್ನೇ ಕೇಳಿ: ಶೌಚಕ್ಕೆ ತಾನೇ ಹೋಗುತ್ತಾನೆಯೇ, ಊಟದ ಡಬ್ಬಿ ತಾನೇ ತೆರೆಯುತ್ತಾನೆಯೇ, ಆಟದಲ್ಲಿ ಸೋತಾಗ ಎಷ್ಟು ಹೊತ್ತಿಗೆ ಸಮಾಧಾನವಾಗುತ್ತಾನೆ, ಬೇಕಾದದ್ದನ್ನು ಬಾಯಿಬಿಟ್ಟು ಕೇಳುತ್ತಾನೆಯೇ.

ಇಲ್ಲೇ ಉಳಿಸುವುದಾದರೆ ಜಾಗದ ಮಾತು ಬರುತ್ತದೆ. ಮುಂದಿನ ವರ್ಷದ ನೋಂದಣಿ ಜನವರಿ, ಫೆಬ್ರವರಿಯಲ್ಲೇ ತೆರೆದು, ಮೊದಲು ಈಗಿರುವ ಮಕ್ಕಳಿಗೂ ಚರ್ಚಿನ ಸದಸ್ಯರಿಗೂ, ಆಮೇಲೆ ಉಳಿದವರಿಗೆ ಸಿಗುತ್ತದೆ. ಕಟ್ಟಿದ ನೋಂದಣಿ ಶುಲ್ಕ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ. ಇನ್ನೂ ಕಿಂಡರ್‌ಗಾರ್ಟನ್ ತೀರ್ಮಾನಿಸಿಲ್ಲ ಎಂದು ನಿರ್ದೇಶಕಿಗೆ ಹೇಳಿಟ್ಟರೆ, ಜಾಗವನ್ನು ಎಂದಿನವರೆಗೆ ಹಿಡಿದಿಡಬಲ್ಲರು ಎಂಬ ದಿನಾಂಕವನ್ನು ಅವರೇ ಕೊಡುತ್ತಾರೆ.